ಅನುಬಿಯಾಸ್ ನಾನಾ: ಒಂದರ ಗಡ್ಡೆ ಕೊಳೆತಿದೆ, ಉಳಿದ ಎರಡನ್ನು ಹೇಗೆ ಉಳಿಸಲಿ?

ಡೇರೆಹೂವು, ತೀರ್ಥಹಳ್ಳಿ ತಾಲ್ಲೂಕು (ಜುಲೈ 19)

ಎಲ್ಲರಿಗೂ ನಮಸ್ಕಾರ. ಇಲ್ಲಿ ಇದು ನನ್ನ ಮೊದಲ ಪ್ರಶ್ನೆ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಮ್ಮದು ಆಗುಂಬೆ ಕಡೆಗೆ ಹೋಗುವ ದಾರಿಯಲ್ಲಿ, ಎರಡು ಕಿಲೋಮೀಟರ್ ಒಳಗಿರುವ ಒಂಟಿ ಮನೆ. ಮಗಳಿಗೆ ಚಿಕ್ಕಂದಿನಿಂದ ಮೀನು ಅಂದರೆ ಪ್ರಾಣ. ಚಿಬ್ಬಲಗುಡ್ಡೆಗೆ ಕರೆದುಕೊಂಡು ಹೋದರೆ ಮಂಡಕ್ಕಿ ಖಾಲಿಯಾದ ಮೇಲೂ ಹೊಳೆದಂಡೆ ಬಿಟ್ಟು ಏಳುತ್ತಿರಲಿಲ್ಲ. ಪಿಯುಸಿಯಲ್ಲಿ ಒಳ್ಳೆ ಮಾರ್ಕ್ಸ್ ಬಂದಾಗ ಎರಡು ಅಡಿ ಉದ್ದದ ಗಾಜಿನ ತೊಟ್ಟಿ ಕೇಳಿ ತರಿಸಿಕೊಂಡಳು. ಈಗ ಬೆಂಗಳೂರಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾಳೆ. ತೊಟ್ಟಿ ಜಗಲಿಯ ಮೂಲೆಯಲ್ಲಿದೆ, ನೋಡಿಕೊಳ್ಳುವುದು ನಾನು. ಹನ್ನೆರಡು ಗಪ್ಪಿ ಮೀನು, ಒಂದಿಷ್ಟು ಬಸವನಹುಳು. ದಿನಾ ಸಂಜೆ ದೇವರಿಗೆ ದೀಪ ಹಚ್ಚಿದ ಮೇಲೆ ಅದರ ಮುಂದೆ ಹತ್ತು ನಿಮಿಷ ಕೂರುತ್ತೇನೆ. ಮಗಳಿಗೆ ಫೋನ್ ಮಾಡುವುದೂ ಅಲ್ಲೇ ಕೂತು.

ಮೇ ತಿಂಗಳಲ್ಲಿ ರಜೆಗೆ ಬಂದಾಗ ಅವಳು ಮೂರು ಪುಟ್ಟ ಗಿಡ ತಂದಳು. ಹೆಸರು ಅನುಬಿಯಾಸ್ ನಾನಾ. ಕಡು ಹಸಿರು, ದಪ್ಪ ಎಲೆ. ಎಳೆ ವೀಳ್ಯದೆಲೆಯನ್ನು ಇನ್ನೂ ಕಿರಿದು ಮಾಡಿದ ಹಾಗೆ. "ಪಶ್ಚಿಮ ಆಫ್ರಿಕಾದ ಗಿಡ ಅಮ್ಮಾ. ತುಂಬಾ ನಿಧಾನ ಬೆಳೆಯುತ್ತೆ, ಆದ್ರೆ ಸುಲಭಕ್ಕೆ ಸಾಯಲ್ಲ" ಅಂದಳು. ಮಾರನೇ ದಿನವೇ ಅವಳಿಗೆ ಬಸ್ಸು. ನೆಟ್ಟವಳು ನಾನು.

ಗಿಡದ ಬುಡದಲ್ಲಿ ಹಸಿರು ಗಡ್ಡೆ ಇತ್ತು. ಶುಂಠಿ ಹಾಗೆ ಅಡ್ಡಕ್ಕೆ ಹೋಗಿತ್ತು, ಪೆನ್ಸಿಲ್‌ನಷ್ಟು ದಪ್ಪ. ನಾನು ಇಪ್ಪತ್ತೈದು ವರ್ಷದಿಂದ ಡೇರೆ ಗಡ್ಡೆ, ಶುಂಠಿ, ಕೆಸು ಎಲ್ಲ ನೆಟ್ಟವಳು. ಗಡ್ಡೆ ಕಂಡರೆ ಮಣ್ಣು ಮುಚ್ಚುವುದೇ ಅಭ್ಯಾಸ. ತೊಟ್ಟಿಯ ಮರಳಿನಲ್ಲಿ ಒಂದು ಇಂಚು ಆಳಕ್ಕೆ ಹೂತು, ಮೇಲೆ ಸಣ್ಣ ಕಲ್ಲು ಇಟ್ಟೆ. ಬೇರಿಗೆ ಅಂಟಿಕೊಂಡಿದ್ದ ಹತ್ತಿಯಂಥ ನಾರನ್ನೂ ಹಾಗೇ ಬಿಟ್ಟೆ.

ಒಂದು ತಿಂಗಳು ಚೆನ್ನಾಗಿತ್ತು. ಹೋದ ವಾರ ಒಂದು ಗಿಡದ ಎಲೆ ಮುಟ್ಟಿದೆ ಅಷ್ಟೇ, ತೊಟ್ಟಿನ ಸಮೇತ ಕೈಗೆ ಬಂತು. ಉಳಿದ ಎಲೆಗಳೂ ಹಾಗೇ ಬಂದವು. ಗಡ್ಡೆ ತೆಗೆದು ನೋಡಿದರೆ ಮೆತ್ತಗೆ, ಕಂದು ಬಣ್ಣ. ಕೊಳೆ ಬಂದ ಶುಂಠಿಯದೇ ವಾಸನೆ. ಆ ವಾಸನೆ ಗೊತ್ತಿರುವವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಎರಡನೇ ಗಿಡದಲ್ಲಿ ಎರಡು ಹಳೆ ಎಲೆ ಹಳದಿಯಾಗಿವೆ. ಮೂರನೆಯದು ಗಟ್ಟಿಯಾಗಿದೆ. ಆದರೆ ಎಲೆ ಅಂಚಿನಲ್ಲೆಲ್ಲ ಕಪ್ಪು ಕೂದಲಿನಂಥ ಪಾಚಿ. ಉಜ್ಜಿದರೆ ಹೋಗುವುದಿಲ್ಲ.

ಇನ್ನೂ ಒಂದು ಮಾತು. ಬಸವನಹುಳುಗಳು ನಾಲ್ಕೇ ದಿನದಲ್ಲಿ ಒಂದೊಂದಾಗಿ ಸತ್ತವು. ಮೀನುಗಳೂ ಮೇಲೆ ಬಂದು ಬಾಯಿ ಬಿಡುತ್ತಿವೆ. ಗಿಡದ ರೋಗ ಅವಕ್ಕೂ ತಗುಲಿತಾ?

ತೊಟ್ಟಿಯ ವಿವರ: ಸುಮಾರು 60 ಲೀಟರ್ ನೀರು. ಎಲ್‌ಇಡಿ ದೀಪ. ಕರೆಂಟು ಯಾವಾಗ ಬರುತ್ತೆ, ಹೋಗುತ್ತೆ ಅಂತ ಇಲ್ಲವಲ್ಲ, ಅದಕ್ಕೆ ಸ್ವಿಚ್ ಆರಿಸುವುದೇ ಇಲ್ಲ, ಇದ್ದಾಗ ಉರಿಯಲಿ ಅಂತ. ಮೊದಲು ಅಬ್ಬಿ ನೀರು, ಅಂದರೆ ಗುಡ್ಡದ ಝರಿಯಿಂದ ಪೈಪಿನಲ್ಲಿ ಬರುವ ನೀರು, ಹಾಕುತ್ತಿದ್ದೆ. ಜೂನ್ ಕೊನೆಗೆ ಮರ ಬಿದ್ದು ಪೈಪ್ ಒಡೆಯಿತು. ಅಲ್ಲಿಂದ ಸೂರಿನ ನೀರನ್ನೇ ಕೊಡಪಾನದಲ್ಲಿ ಹಿಡಿದು ಹಾಕುತ್ತಿದ್ದೇನೆ. ಮಳೆ ನೀರಿಗಿಂತ ಶುದ್ಧ ಯಾವುದಿದೆ ಅಂತ.

ಮಗಳಿಗೆ ಇನ್ನೂ ಹೇಳಿಲ್ಲ. ಅವಳು ತನ್ನ ಪಾಕೆಟ್ ಮನಿ ಉಳಿಸಿ ತಂದ ಗಿಡ. ಎರಡಾದರೂ ಉಳಿಯಬೇಕು.

---

ಮೀನುಗೂಡು, ಶಿವಮೊಗ್ಗ (ಜುಲೈ 19)

ಅಕ್ಕಾ, ನಾನು ವಿನೋಬನಗರದಲ್ಲಿದ್ದೇನೆ. ಹದಿನಾಲ್ಕು ವರ್ಷದಿಂದ ತೊಟ್ಟಿ ಇಟ್ಟಿದ್ದೇನೆ, ಅನುಬಿಯಾಸ್ ಹತ್ತು ವರ್ಷದಿಂದ ಇದೆ. ಇವತ್ತೇ ಎರಡೂ ಗಿಡ ಮರಳಿನಿಂದ ಮೇಲೆತ್ತಿ. ನಾಳೆಗೆ ಬಿಡಬೇಡಿ.

ಈ ಗಿಡದ ಗಡ್ಡೆಯನ್ನು ಯಾವತ್ತೂ ಹೂಳಬಾರದು. ಬೇರು ಮರಳಿನೊಳಗೆ ಹೋದರೆ ತೊಂದರೆಯಿಲ್ಲ. ಆದರೆ ಗಡ್ಡೆಗೆ ಸುತ್ತಲೂ ಹರಿಯುವ ನೀರು ತಾಗುತ್ತಿರಬೇಕು. ಮುಚ್ಚಿದರೆ ಗಾಳಿಯಾಡದೆ ಕೊಳೆಯುತ್ತದೆ. ಒಂದು ತಿಂಗಳು ಗೊತ್ತೇ ಆಗುವುದಿಲ್ಲ. ಎಲೆ ದಪ್ಪ, ಗಡ್ಡೆಯಲ್ಲಿ ಶಕ್ತಿ ಇರುತ್ತದೆ, ಹಾಗಾಗಿ ಮೇಲೆ ಹಸಿರಾಗೇ ಕಾಣುತ್ತದೆ. ಎಲೆ ಕಳಚುವ ಹೊತ್ತಿಗೆ ಒಳಗೆ ಮುಗಿದಿರುತ್ತದೆ.

ಎತ್ತಿದ ಮೇಲೆ ಬೇರಿಗಿರುವ ಹತ್ತಿಯಂಥದ್ದನ್ನು ಚಿಮಟದಿಂದ ಎಳೆ ಎಳೆಯಾಗಿ ತೆಗೆಯಿರಿ. ಅದು ರಾಕ್‌ವೂಲ್. ನರ್ಸರಿಯಲ್ಲಿ ಗಿಡ ನಿಲ್ಲಿಸಲು ಹಾಕುತ್ತಾರೆ, ತೊಟ್ಟಿಯಲ್ಲಿ ಬೇಕಿಲ್ಲ. ನಾಲ್ಕು ಬೇರು ತುಂಡಾದರೂ ಪರವಾಗಿಲ್ಲ. ಆಮೇಲೆ ಗಡ್ಡೆಯನ್ನು ಉದ್ದಕ್ಕೂ ಬೆರಳಿಂದ ಒತ್ತಿ ನೋಡಿ. ಗಟ್ಟಿ ಇದ್ದರೆ ಜೀವ ಇದೆ. ಮೆತ್ತಗೆ ಸಿಕ್ಕ ಕಡೆ ಹೊಸ ಬ್ಲೇಡಿನಿಂದ ಕತ್ತರಿಸಿ, ಮೆತ್ತಗಿರುವ ಜಾಗಕ್ಕೆ ಸರಿಯಾಗಿ ಅಲ್ಲ, ಅದರಾಚೆ ಇನ್ನೂ ಅರ್ಧ ಇಂಚು ಗಟ್ಟಿ ಭಾಗದಲ್ಲಿ. ಕತ್ತರಿಸಿದ ಮುಖ ತಿಳಿ ಹಸಿರು ಅಥವಾ ಬಿಳಿ ಕಾಣಬೇಕು. ಕಂದು ಚುಕ್ಕೆ ಇದ್ದರೆ ಇನ್ನೊಂದು ತುಂಡು ತೆಗೆಯಿರಿ. ಅಯ್ಯೋ ಅಂತ ಕೈ ಹಿಡಿಯಬೇಡಿ. ನಾನು ಹಾಗೆ ಹಿಡಿದು ಒಂದು ಒಳ್ಳೆ ಗಿಡ ಕಳೆದುಕೊಂಡಿದ್ದೇನೆ. ಎರಡು ಎಲೆ, ಒಂದು ಇಂಚು ಗಡ್ಡೆ ಉಳಿದರೂ ಅದು ಬದುಕುತ್ತದೆ. ಕೊಳೆತದ್ದನ್ನು ತೊಟ್ಟಿಯ ಹತ್ತಿರವೂ ಇಡಬೇಡಿ, ಪಕ್ಕದ ಗಿಡಕ್ಕೆ ಹರಡುತ್ತದೆ.

ಹಳದಿ ಎಲೆ ಬುಡದಿಂದ ಕತ್ತರಿಸಿ. ಹಸಿರು ಎಲೆ ಮುಟ್ಟಬೇಡಿ.

ಇನ್ನು ಗಿಡವನ್ನು ಕಲ್ಲಿಗೋ ಕಟ್ಟಿಗೆಗೋ ಕಟ್ಟಿ. ಹತ್ತಿಯ ಹೊಲಿಗೆ ದಾರ ಸಾಕು. ಬಿಗಿಯಾಗಿ ಬೇಡ, ಗಡ್ಡೆ ಅಲುಗಾಡದಷ್ಟು ಮಾತ್ರ. ಎರಡು ಮೂರು ತಿಂಗಳಲ್ಲಿ ಬೇರು ಕಚ್ಚಿಕೊಳ್ಳುತ್ತದೆ, ಅಷ್ಟರಲ್ಲಿ ದಾರ ತಾನೇ ಕರಗುತ್ತದೆ. ದಾರ ಕಟ್ಟಲು ಆಗದಿದ್ದರೆ ಫೆವಿಕ್ವಿಕ್ ಒಂದು ಹನಿ ಕಲ್ಲಿಗೆ ಹಾಕಿ, ಬೇರಿನ ಕಡೆಯಿಂದ ಒತ್ತಿ ಹಿಡಿಯಿರಿ. ಒಣಗಿದರೆ ಮೀನಿಗೆ ಏನೂ ಆಗುವುದಿಲ್ಲ.

ಪಾಚಿಗೆ ಕಾರಣ ಬೆಳಕು. ಇದು ನೆರಳಿನ ಗಿಡ. ಎಲೆ ನಿಧಾನಕ್ಕೆ ಬರುತ್ತದೆ, ತಿಂಗಳಿಗೆ ಒಂದು ಬಂದರೆ ಹೆಚ್ಚು. ಒಂದೇ ಎಲೆ ವರ್ಷಗಟ್ಟಲೆ ಇರುತ್ತದೆ. ಅಷ್ಟು ದಿನ ಬೆಳಕಿಗೆ ಕೂತ ಎಲೆ ಮೇಲೆ ಪಾಚಿ ಹಿಡಿಯದೆ ಏನು ಮಾಡುತ್ತದೆ? ದೀಪ ದಿನಕ್ಕೆ ಆರು ಗಂಟೆ ಸಾಕು. ಕರೆಂಟು ಎರಡು ದಿನ ಬರದಿದ್ದರೂ ಅನುಬಿಯಾಸ್‌ಗೆ ಏನೂ ಆಗುವುದಿಲ್ಲ ಅಕ್ಕಾ. ಪಾಚಿ ಜಾಸ್ತಿ ಇರುವ ಎಲೆ ತೆಗೆದುಬಿಡಿ.

ಬಸವನಹುಳು ಸತ್ತಿದ್ದು ಮಾತ್ರ ಬೇರೆ ವಿಷಯ ಅನ್ನಿಸುತ್ತಿದೆ. ಗಿಡದ ಕೊಳೆ ಹುಳುವಿಗೆ ತಗಲುವುದಿಲ್ಲ. ಅದು ನನಗೆ ಹೊಳೆಯುತ್ತಿಲ್ಲ, ಬೇರೆಯವರು ಹೇಳಲಿ.

---

ಪಾಠದಮನೆ, ಸಾಗರ (ಜುಲೈ 20)

ನಾನು ಸಸ್ಯಶಾಸ್ತ್ರ ಪಾಠ ಮಾಡುತ್ತಿದ್ದವನು, ಈಗ ನಿವೃತ್ತ. ಆರೈಕೆಯನ್ನು ಮೇಲಿನವರು ಸರಿಯಾಗಿ ಹೇಳಿದ್ದಾರೆ. ಯಾಕೆ ಹಾಗೆ ಅಂತ ನಾನು ಸ್ವಲ್ಪ ಹೇಳುತ್ತೇನೆ.

ನೀವು ಗಡ್ಡೆ ನೋಡಿ ಕೆಸು ನೆನಪು ಮಾಡಿಕೊಂಡಿರಲ್ಲ ಅಮ್ಮಾ, ಅದು ತಪ್ಪಲ್ಲ. ಅನುಬಿಯಾಸ್ ಕೆಸುವಿನ ಕುಟುಂಬದ್ದೇ. ಸುವರ್ಣಗಡ್ಡೆ, ಆಂಥೂರಿಯಂ ಎಲ್ಲ ಅದೇ ಬಳಗ. ಅನುಬಿಯಾಸ್ ಹೂ ಬಿಟ್ಟರೆ ನಿಮಗೇ ಗೊತ್ತಾಗುತ್ತದೆ. ನಡುವೆ ಕಡ್ಡಿ, ಸುತ್ತ ಒಂದು ಬಿಳಿ ಹಾಳೆ. ನೀರಿನೊಳಗೂ ಹೂ ಬಿಡುತ್ತದೆ. ಕೆಸುವಿನ ಹಾಗೆ ಇದರಲ್ಲೂ ತುರಿಸುವ ಸಣ್ಣ ಹರಳು ಇರುತ್ತದೆ. ಎಲೆ ಗಟ್ಟಿ ಬೇರೆ. ಅದಕ್ಕೇ ಹೆಚ್ಚಿನ ಮೀನು ಇದನ್ನು ತಿನ್ನುವುದಿಲ್ಲ. ಗಡ್ಡೆ ಕತ್ತರಿಸಿದ ಮೇಲೆ ಕೈ ತೊಳೆಯಿರಿ, ಕಣ್ಣು ಮುಟ್ಟಿಕೊಳ್ಳಬೇಡಿ.

ಆದರೆ ಇದು ಹುಟ್ಟಿದ ಜಾಗ ಗದ್ದೆಯಂಚು ಅಲ್ಲ. ಪಶ್ಚಿಮ ಆಫ್ರಿಕಾದ ಕಾಡಿನ ಹಳ್ಳಗಳಲ್ಲಿ, ನೀರು ಸಿಡಿಯುವ ಬಂಡೆ ಮೇಲೆ, ಅಡ್ಡ ಬಿದ್ದ ಮರದ ಮೇಲೆ ಬೆಳೆಯುತ್ತದೆ. ಮಳೆಗಾಲದಲ್ಲಿ ಮುಳುಗುತ್ತದೆ, ಬೇಸಿಗೆಯಲ್ಲಿ ನೀರಿನಿಂದ ಹೊರಗಿರುತ್ತದೆ. ನಿಮ್ಮ ನಾನಾ ಇರುವುದು ಕ್ಯಾಮರೂನ್ ಕಡೆ. ಅಲ್ಲಿ ಸಮುದ್ರಕ್ಕೆ ಮುಖ ಮಾಡಿ ಮೌಂಟ್ ಕ್ಯಾಮರೂನ್ ನಿಂತಿದೆ. ನಮ್ಮ ಘಟ್ಟ ಅರಬ್ಬಿ ಸಮುದ್ರದ ಮೋಡ ತಡೆದ ಹಾಗೆ ಅದೂ ಮೋಡ ತಡೆಯುತ್ತದೆ. ಅದರ ಬುಡದ ಡೆಬುಂಡ್ಷಾ ಅನ್ನುವ ಊರಿನಲ್ಲಿ ವರ್ಷಕ್ಕೆ ಸುಮಾರು 10,000 ಮಿಲಿಮೀಟರ್ ಮಳೆ. ಆಗುಂಬೆಯದು 7,000 ದಾಟುತ್ತದೆ. ಆದ್ದರಿಂದ ಮಳೆ, ತೇವ, ಮೋಡ ಕವಿದ ದಿನ ಇದಕ್ಕೆ ಹೊಸದಲ್ಲ.

ಹೆಸರಿನ ಬಗ್ಗೆಯೂ ಒಂದು ಮಾತು. 'ನಾನಾ' ಅಂದರೆ ಲ್ಯಾಟಿನ್‌ನಲ್ಲಿ ಕುಳ್ಳು. ಅನುಬಿಯಾಸ್ ಅನ್ನುವ ಹೆಸರು ಈಜಿಪ್ಟಿನವರ ಅನುಬಿಸ್ ದೇವರಿಂದ ಬಂತು, ಸತ್ತವರ ಲೋಕದ ದೇವರು ಅವನು. 1857ರಲ್ಲಿ ವಿಯೆನ್ನಾದ ಶಾಟ್ ಅನ್ನುವ ಸಸ್ಯಶಾಸ್ತ್ರಜ್ಞ ಇಟ್ಟ ಹೆಸರು. ಪೂರ್ತಿ ಹೆಸರಲ್ಲಿ 'ಬಾರ್ಟೇರಿ' ಅಂತ ಬರುತ್ತದೆ. ಅದು ಚಾರ್ಲ್ಸ್ ಬಾರ್ಟರ್ ನೆನಪಿಗೆ. ನೈಜರ್ ನದಿಯ ಉದ್ದಕ್ಕೂ ಗಿಡ ಸಂಗ್ರಹಿಸುತ್ತಾ ಹೋದವನು, 1859ರಲ್ಲಿ ಆ ಪ್ರವಾಸದಲ್ಲೇ ತೀರಿಕೊಂಡ. ಮಾರನೇ ವರ್ಷ ಶಾಟ್ ಈ ಗಿಡಕ್ಕೆ ಅವನ ಹೆಸರಿಟ್ಟ. ತರಗತಿಯಲ್ಲಿ ಲ್ಯಾಟಿನ್ ಹೆಸರು ಬರೆಸುವಾಗ ಮಕ್ಕಳಿಗೆ ನಾನು ಇಂಥ ಸಂಗತಿ ತಪ್ಪದೆ ಹೇಳುತ್ತಿದ್ದೆ.

---

ಡೇರೆಹೂವು (ಜುಲೈ 20)

ಮೀನುಗೂಡು ಅಣ್ಣಾ, ನಿನ್ನೆ ರಾತ್ರಿಯೇ ಟಾರ್ಚ್ ಹಿಡಿದು ಎತ್ತಿದೆ. ನೀವು ಹೇಳಿದ್ದು ನಿಜ. ಎರಡನೇ ಗಿಡದ ಗಡ್ಡೆಯ ಹಿಂಬದಿ ಮುಕ್ಕಾಲು ಇಂಚು ಮೆತ್ತಗಾಗಿತ್ತು. ಕತ್ತರಿಸಿದೆ. ನಾಲ್ಕು ಎಲೆ ಉಳಿದಿದೆ. ಮೂರನೆಯದು ಪೂರ್ತಿ ಗಟ್ಟಿ ಇದೆ. ಅದರಲ್ಲಿ ಪಾಚಿ ಹಿಡಿದ ಮೂರು ಎಲೆ ತೆಗೆದೆ, ಆರು ಉಳಿಯಿತು.

ಮೇಷ್ಟ್ರೇ, ನೀವು ಬಂಡೆ ಮೇಲೆ, ಮರದ ಮೇಲೆ ಅಂದಿರಲ್ಲ, ಓದುತ್ತಾ ನನಗೆ ಮರಕೆಸು ಕಣ್ಣ ಮುಂದೆ ಬಂತು. ನಮ್ಮ ಮನೆ ಹಿಂದಿನ ಹಲಸಿನ ಮರದ ಕವಲಿನಲ್ಲಿ ಪ್ರತಿ ಮಳೆಗಾಲ ಬರುತ್ತದೆ. ಹೋದ ಭಾನುವಾರವಷ್ಟೇ ಅದನ್ನು ಕೊಯ್ದು ಪತ್ರೊಡೆ ಮಾಡಿದ್ದೆ. ಹಾವಸೆ ಮೇಲೆ ಬೇರು ಹರಡಿಕೊಂಡು ಕೂತಿರುತ್ತದೆ, ಬೊಗಸೆ ಮಣ್ಣೂ ಇರುವುದಿಲ್ಲ. ನಮ್ಮತ್ತೆ ಒಮ್ಮೆ ಅದನ್ನು ಕಿತ್ತು ತಂದು ಹಿತ್ತಲಲ್ಲಿ ಗೊಬ್ಬರ ಹಾಕಿ ನೆಟ್ಟಿದ್ದರು, ಕೈಗೆ ಸಿಗಲಿ ಅಂತ. ಆ ಮಳೆಗೇ ಕೊಳೆಯಿತು. ಮರದ ಮೇಲಿದ್ದದ್ದು ಅದೇ ಮಳೆಯಲ್ಲಿ ನೆನೆದು ಚೆನ್ನಾಗಿಯೇ ಇತ್ತು. ನೀರು ಜಾಸ್ತಿಯಾಗಿ ಅಲ್ಲ, ನೀರು ಇಳಿದು ಹೋಗಲು ದಾರಿ ಇಲ್ಲದೆ ಅದು ಸತ್ತಿದ್ದು. ಈ ಗಿಡವನ್ನೂ ನಾನು ಕೆಸು ಅಂದುಕೊಂಡೆ. ಮರಕೆಸು ಅಂದುಕೊಳ್ಳಬೇಕಿತ್ತು.

ಈಗ ಕೇಳಬೇಕಾದದ್ದು: ಹೊಲಿಗೆ ದಾರದ ಬದಲು ಬಾಳೆನಾರು ಆಗುತ್ತದಾ? ಮನೆಯಲ್ಲಿ ಬೇಕಾದಷ್ಟಿದೆ. ಕಲ್ಲು ಯಾವುದು ಒಳ್ಳೆಯದು? ಅಂಗಳದಲ್ಲಿ ಹಳೆ ಕಟ್ಟೆಯ ಜಂಬಿಟ್ಟಿಗೆ ಚೂರುಗಳಿವೆ. ಹೊಳೆಯಲ್ಲಿ ತೇಲಿ ಬಂದ ಒಂದು ಬೇರೂ ಇದೆ.

---

ಮೀನುಗೂಡು (ಜುಲೈ 20)

ಬಾಳೆನಾರು ಬೇಡ. ನೀರಲ್ಲಿ ಹದಿನೈದು ದಿನಕ್ಕೆ ಲೋಳೆಯಾಗುತ್ತದೆ, ಗಿಡ ಕಚ್ಚಿಕೊಳ್ಳುವ ಮೊದಲೇ ಬಿಡುತ್ತದೆ. ಜಂಬಿಟ್ಟಿಗೆ ಬಹಳ ಒಳ್ಳೆಯದು. ಅದರ ತೂತುಗಳಲ್ಲಿ ಬೇರು ಹೊಕ್ಕು ಹಿಡಿಯುತ್ತದೆ. ನನ್ನ ತೊಟ್ಟಿಯಲ್ಲಿ ಇರುವುದೂ ಅದೇ. ಹಳೆ ಕಟ್ಟೆಯದು ಅಂದಿರಿ, ಗಾರೆ ಸುಣ್ಣ ಅಂಟಿದ್ದರೆ ಕೆತ್ತಿ ತೆಗೆಯಿರಿ. ಬ್ರಶ್ಶಿನಲ್ಲಿ ತಿಕ್ಕಿ, ಎರಡು ದಿನ ನೆನೆಸಿ ಹಾಕಿ.

ಹೊಳೆಯ ಬೇರು ಹಾಕುವುದಾದರೆ ಬಚ್ಚಲ ಹಂಡೆಯಲ್ಲಿ ಕುದಿಸಿ. ನೀರು ಚಹಾ ಬಣ್ಣ ಆಗುತ್ತದೆ. ಚೆಲ್ಲಿ ಮತ್ತೆ ಕುದಿಸಿ. ಮೂರು ನಾಲ್ಕು ಸಲ ಆದ ಮೇಲೆ ಬಣ್ಣ ತಿಳಿಯಾಗುತ್ತದೆ. ಆಮೇಲೂ ಸ್ವಲ್ಪ ಬಣ್ಣ ಬಿಟ್ಟರೆ ಹೆದರಬೇಡಿ, ಆ ಗಿಡಕ್ಕೆ ಅಂಥ ನೀರು ಒಗ್ಗುತ್ತದೆ.

---

ಸೋಗೆಮಾಡು, ಹೊಸನಗರ ತಾಲ್ಲೂಕು (ಜುಲೈ 21)

ಬಸವನಹುಳು ವಿಷಯ ನಾನು ಹೇಳುತ್ತೇನೆ. ಅಕ್ಕಾ, ಮನೆ ಪಕ್ಕದ ಅಡಿಕೆಗೆ ಔಷಧಿ ಹೊಡೆಸಿದ್ದು ಯಾವಾಗ?

ನನಗೆ ಮೂರು ವರ್ಷದ ಹಿಂದೆ ಹೀಗೇ ಆಯಿತು. ಜುಲೈಯಲ್ಲಿ ನಾಲ್ಕು ದಿನ ಮಳೆ ಬಿಟ್ಟು ಹೊಳವಾಯಿತು ಅಂತ ಎರಡನೇ ಸಲ ಬೋರ್ಡೋ ಹೊಡೆಸಿದೆವು. ಮನೆಗೆ ತಾಗಿದ ಮರಗಳೂ ಇದ್ದವು. ಗಾಳಿಗೆ ಹೆಂಚಿನ ಮೇಲೆಲ್ಲ ಸಿಡಿದಿತ್ತು. ಮತ್ತೆ ಮಳೆ ಹಿಡಿದ ಮೇಲೆ ಸೂರಿನ ನೀರು ಹಿಡಿದು ತೊಟ್ಟಿಗೆ ಹಾಕಿದೆ. ಮೊದಲು ಹುಳು ಸತ್ತವು, ಆಮೇಲೆ ಸಿಗಡಿ, ಆಮೇಲೆ ಮೀನು. ಒಂದು ವಾರದಲ್ಲಿ ತೊಟ್ಟಿ ಬರಿದಾಯಿತು. ಆ ದಿನಗಳನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಬೋರ್ಡೋ ಅಂದರೆ ಮೈಲುತುತ್ತ ಮತ್ತು ಸುಣ್ಣ. ನೂರು ಲೀಟರ್ ನೀರಿಗೆ ಒಂದೊಂದು ಕಿಲೋ. ಮೈಲುತುತ್ತದಲ್ಲಿರುವುದು ತಾಮ್ರ. ಅಡಿಕೆಯ ಕೊಳೆರೋಗದ ರೋಗಾಣು ಸಾಯುವುದು ಅದರಿಂದಲೇ. ಬಸವನಹುಳು, ಸಿಗಡಿಗೆ ತಾಮ್ರ ಚೂರು ಇದ್ದರೂ ವಿಷ. ಮೀನಿಗೆ ಸ್ವಲ್ಪ ಜಾಸ್ತಿ ಬೇಕು ಅಷ್ಟೇ. ಅದರ ಮೇಲೆ ಮಳೆ ನೀರು ಅಂದರೆ ಪೂರ್ತಿ ಮೆದು ನೀರು, ಖನಿಜವೇ ಇಲ್ಲ. ಮೆದು ನೀರಿನಲ್ಲಿ ತಾಮ್ರದ ವಿಷ ಇನ್ನೂ ಜೋರು. ಹಾಗಾಗಿ ಮಳೆ ನೀರು ಶುದ್ಧ ಅನ್ನುವುದು ಆಕಾಶದಿಂದ ನೇರ ಬಿದ್ದರೆ ಸರಿ. ಹೆಂಚು ಮುಟ್ಟಿ ಬಂದದ್ದು, ಅದೂ ಔಷಧಿ ಹೊಡೆದ ತಿಂಗಳಲ್ಲಿ, ತೊಟ್ಟಿಗೆ ಬೇಡವೇ ಬೇಡ.

ಬಾವಿ ಇದ್ದರೆ ಬಾವಿ ನೀರು ತನ್ನಿ. ಔಷಧಿ ಕಲಸಿದ ಜಾಗದ ಹತ್ತಿರದ ಬಾವಿ ಆಗಿರಬಾರದು. ದಿನಕ್ಕೆ ಮೂರನೇ ಒಂದು ಭಾಗ ಬದಲಿಸಿ, ನಾಲ್ಕೈದು ದಿನ. ಒಂದೇ ಸಲ ಎಲ್ಲ ಚೆಲ್ಲಬೇಡಿ, ಇರುವ ಮೀನಿಗೆ ಅದೇ ಆಘಾತ. ತಾಮ್ರದ ಕೊಡಪಾನದಲ್ಲಿ ಹಿಡಿಯುತ್ತಿದ್ದರೆ ಅದನ್ನೂ ಬಿಡಿ, ಪ್ಲಾಸ್ಟಿಕ್ ಬಕೆಟ್ ಇರಲಿ.

---

ಡೇರೆಹೂವು (ಜುಲೈ 21)

ಓದಿ ಮೈ ಜುಮ್ಮೆಂದಿತು. ಜುಲೈ 11ಕ್ಕೆ ಹೊಡೆಸಿದ್ದು. ಜಗಲಿಯ ಎದುರಿನ ಎಂಟು ಮರಕ್ಕೂ. ಹುಳು ಸಾಯಲು ಶುರುವಾಗಿದ್ದು 14ಕ್ಕೆ. ಕೊಡಪಾನವೂ ತಾಮ್ರದ್ದೇ, ಮದುವೆಯಲ್ಲಿ ತವರಿನಿಂದ ಬಂದದ್ದು.

ನಮ್ಮವರು ಈಗ ಅಬ್ಬಿ ಪೈಪ್ ಸರಿ ಮಾಡಲು ಕೊಪ್ಪೆ ಹಾಕಿಕೊಂಡು ಗುಡ್ಡ ಹತ್ತಿದ್ದಾರೆ. ಅಬ್ಬಿ ತೋಟಕ್ಕಿಂತ ಮೇಲೆ ಕಾಡಿನಲ್ಲಿದೆ, ಅಲ್ಲಿ ಯಾರೂ ಏನೂ ಹೊಡೆಯುವುದಿಲ್ಲ. ಅಲ್ಲಿಯವರೆಗೆ ಮೇಲಿನ ಮನೆ ಬಾವಿಯಿಂದ ಎರಡು ಬಕೆಟ್ ತಂದಿದ್ದೇನೆ. ಹನ್ನೆರಡರಲ್ಲಿ ಹತ್ತು ಮೀನು ಇವೆ. ನಿಮ್ಮ ಉಪಕಾರ ಮರೆಯುವುದಿಲ್ಲ.

---

ಡೇರೆಹೂವು (ಸೆಪ್ಟೆಂಬರ್ 24)

ಎರಡು ತಿಂಗಳಾಯಿತು. ಆಗ ಉತ್ತರ ಕೊಟ್ಟವರಿಗೆ ಏನಾಯಿತು ಅಂತ ಹೇಳಬೇಕು ಅನ್ನಿಸಿತು.

ಹತ್ತು ಮೀನೂ ಉಳಿದವು. ಅಬ್ಬಿ ನೀರು ನಾಲ್ಕೇ ದಿನಕ್ಕೆ ಬಂತು. ಅಂದಿನಿಂದ ಬೇರೆ ನೀರು ಹಾಕಿಲ್ಲ. ಮೇಲಿನ ಮನೆಯವರು ನಾಲ್ಕು ಬಸವನಹುಳು ಕೊಟ್ಟರು, ಈಗ ಗಾಜಿನ ಮೇಲೆ ಮರಿಗಳೂ ಓಡಾಡುತ್ತಿವೆ.

ಎರಡೂ ಗಿಡ ಜಂಬಿಟ್ಟಿಗೆ ಮೇಲಿವೆ. ಮೊದಲ ಇಪ್ಪತ್ತು ದಿನ ಏನೂ ಬದಲಾಗಲಿಲ್ಲ. ದಿನಾ ಸಂಜೆ ಕೂತು ನೋಡುತ್ತಿದ್ದೆ. ಆಗಸ್ಟ್ ಎರಡನೇ ವಾರ ಕತ್ತರಿಸಿದ ಗಿಡದ ತುದಿಯಲ್ಲಿ ಸೂಜಿಯಂಥದ್ದು ಕಂಡಿತು. ಸುರುಳಿ ಬಿಚ್ಚಲು ಎಂಟು ದಿನ ತೆಗೆದುಕೊಂಡಿತು. ತಿಳಿ ಹಸಿರು, ಬೆಳಕು ಆಚೆ ಕಾಣುವಷ್ಟು ತೆಳು. ಈಗ ಅದು ಗಟ್ಟಿಯಾಗಿದೆ, ಅದರ ಹಿಂದೆ ಇನ್ನೊಂದು ಬಂದಿದೆ. ನಾಲ್ಕಿದ್ದದ್ದು ಆರಾಯಿತು. ದೊಡ್ಡ ಗಿಡದಲ್ಲಿ ಎಂಟು. ಚೌತಿ ದಿನ ಕಲ್ಲನ್ನು ಮೆಲ್ಲಗೆ ಎತ್ತಿ ನೋಡಿದೆ. ಬಿಳಿ ಬೇರು ಮೂರು ಕಡೆ ತೂತಿನೊಳಗೆ ಹೋಗಿದೆ. ದಾರ ಒಂದು ಕಡೆ ಕಡಿದಿದೆ, ಆದರೂ ಗಿಡ ಅಲುಗಾಡುವುದಿಲ್ಲ. ದೀಪ ಸಂಜೆ ಐದರಿಂದ ಹನ್ನೊಂದರವರೆಗೆ ಮಾತ್ರ. ಹೊಸ ಎಲೆಗಳ ಮೇಲೆ ಪಾಚಿ ಇಲ್ಲ.

ಮಗಳಿಗೆ ಎಲ್ಲ ಹೇಳಿದೆ. ಒಂದು ಗಿಡ ಹೋಯಿತು ಅಂದಾಗ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಹೇಳಿ ಹೋಗಬೇಕಾದವಳು ನಾನು ಅಮ್ಮಾ" ಅಂದಳು. ದೀಪಾವಳಿಗೆ ಬರುತ್ತಾಳೆ. ಹಾಸ್ಟೆಲ್ ರೂಮಿನ ಮೇಜಿನ ಮೇಲೆ ಇಡಲು ಒಂದು ತುಂಡು ಬೇಕಂತೆ, ಗಾಜಿನ ಭರಣಿಯಲ್ಲಿ. ದೊಡ್ಡ ಗಿಡದಿಂದ ಕತ್ತರಿಸಬಹುದಾ? ಭರಣಿಯಲ್ಲಿ ಬದುಕುತ್ತದಾ?

---

ಪಾಠದಮನೆ (ಸೆಪ್ಟೆಂಬರ್ 24)

ಭರಣಿಯಲ್ಲಿ ಬದುಕುತ್ತದೆ ಅಮ್ಮಾ, ನೀರು ತುಂಬಿಸಬೇಕು ಅಂತಲೂ ಇಲ್ಲ. ನಾನು ಹಾವಸೆ ಹಾಸಿ, ಮೇಲೆ ಗಿಡ ಇಟ್ಟು, ಬಾಯಿ ಅರ್ಧ ಮುಚ್ಚಿ ಇಟ್ಟಿದ್ದೇನೆ. ಆದರೆ ಬೆಂಗಳೂರಿನ ಒಣ ಹವೆಗೆ ಮುಚ್ಚಳ ಪೂರ್ತಿ ಇರಲಿ. ನೀರಿನಿಂದ ಹೊರಗೆ ತಂದಾಗ ಕೆಲವು ಎಲೆ ಉದುರಬಹುದು, ಹೊಸದು ಬರುತ್ತದೆ. ನೇರ ಬಿಸಿಲು ಬೀಳುವ ಕಿಟಕಿ ಹತ್ತಿರ ಇಡುವುದು ಬೇಡ, ಗಾಜಿನೊಳಗೆ ಬೆಂದು ಹೋಗುತ್ತದೆ.

---

ಮೀನುಗೂಡು (ಸೆಪ್ಟೆಂಬರ್ 25)

ಬಹಳ ಖುಷಿಯಾಯಿತು ಅಕ್ಕಾ. ಈ ದೀಪಾವಳಿಗೆ ಮಾತ್ರ ಕತ್ತರಿಸಬೇಡಿ. ಎರಡೂ ತುಂಡಿನಲ್ಲಿ ನಾಲ್ಕೈದು ಎಲೆ, ಸ್ವಂತ ಬೇರು ಇರಬೇಕು. ಎಂಟು ಎಲೆಯಲ್ಲಿ ಲೆಕ್ಕಕ್ಕೆ ಬರುತ್ತದೆ, ಆದರೆ ಅದು ಈಗಷ್ಟೇ ಕಲ್ಲು ಹಿಡಿದಿದೆ. ಮುಂದೆ ಚಳಿ ಬೇರೆ. ಇದಕ್ಕೆ 22ರಿಂದ 28 ಡಿಗ್ರಿ ನೀರು ಹಿತ. ನಿಮ್ಮ ಕಡೆ ಡಿಸೆಂಬರ್ ಬೆಳಗಿನ ಜಾವ ತೊಟ್ಟಿ ನೀರು ಅದಕ್ಕಿಂತ ಕೆಳಗೆ ಹೋಗುತ್ತದೆ. ಗಿಡ ಸಾಯುವುದಿಲ್ಲ, ಆದರೆ ಬೆಳವಣಿಗೆ ನಿಲ್ಲುತ್ತದೆ. ಗಾಯ ಮಾಡಿ ಚಳಿಗೆ ಬಿಡುವುದು ಬೇಡ. ಯುಗಾದಿಗೆ ಬಂದಾಗ ಕೊಡಿ. ನಡುವೆ ಎಲ್ಲಿ ಕತ್ತರಿಸಬೇಕು ಅಂತ ಒಂದು ಫೋಟೋ ಹಾಕಿ, ಗುರುತು ಮಾಡಿ ಕೊಡುತ್ತೇನೆ.

---

ಡೇರೆಹೂವು (ಸೆಪ್ಟೆಂಬರ್ 25)

ಸರಿ ಅಣ್ಣಾ, ಯುಗಾದಿಗೇ ಕೊಡುತ್ತೇನೆ. ಮಗಳಿಗೂ ಹೇಳಿದೆ, ಒಪ್ಪಿದಳು. ಅಷ್ಟರಲ್ಲಿ ಅವಳಿಗೊಂದು ಜಂಬಿಟ್ಟಿಗೆ ಚೂರು ಭರಣಿಯ ಬಾಯಿಗೆ ಹಿಡಿಯುವ ಹಾಗೆ ಕೆತ್ತಿಸಿ ಇಡುತ್ತೇನೆ.